ಬೇರೆ ಅಂಗಡಿಯ ಆಟ

“ಗುರುಗಳೇ, ಇಲ್ಲಿಗೆ ಬರುವ ಮೊದಲು ಕಲಿತದ್ದನ್ನೆಲ್ಲ ಬಿಡಬೇಕೇ?” ಎಂದು ನೀಲಮ್ಮ ಕೇಳಿದಳು.

ಅವಳು ಆಶ್ರಮಕ್ಕೆ ಬಂದು ಒಂದು ವರ್ಷವಾಗಿತ್ತು. ಗುರುಗಳು ಹೇಳಿಕೊಟ್ಟ ಧ್ಯಾನಕ್ಕೆ ದಿನವೂ ಕೂರುತ್ತಿದ್ದಳು. ಆದರೆ ಕಣ್ಣು ಮುಚ್ಚಿದೊಡನೆ ಅಜ್ಜಿ ಕಲಿಸಿದ್ದ ತತ್ವಪದಗಳು ನಾಲಿಗೆಗೆ ಬರುತ್ತಿದ್ದವು. ಅವನ್ನು ತಡೆದು ತಡೆದು ಅವಳಿಗೆ ಸಾಕಾಗಿತ್ತು.

ಗುರುಗಳು ಒಂದು ಕತೆ ಹೇಳಿದರು.

ಕರಾವಳಿಯ ಒಂದು ಬಂದರಿನಲ್ಲಿ ತೇಜಪ್ಪನೆಂಬ ಮೀನುಗಾರನಿದ್ದ. ದೊಡ್ಡ ಬೋಟೊಂದರ ಎಂಜಿನ್ ನೋಡಿಕೊಳ್ಳುವುದು ಅವನ ಕೆಲಸ. ಕಡಲಿಗೆ ಹೋದರೆ ಹತ್ತು ದಿನ ದಡದ ಮುಖ ಕಾಣುವಂತಿರಲಿಲ್ಲ. ಅವನಿಗೆ ಶ್ಯಾಮಲಾ ಎಂಬ ಅಕ್ಕನಿದ್ದಳು.

ಆರು ವರ್ಷದ ಹಿಂದೆ ಶ್ಯಾಮಲಾ ಬೆನ್ನಿನ ಆಪರೇಷನ್ ಮಾಡಿಸಿಕೊಂಡು ಎಂಟು ತಿಂಗಳು ಮಲಗಿದಲ್ಲೇ ಇದ್ದಳು. ಅಕ್ಕನ ಹೊತ್ತು ಹೋಗಲೆಂದು ತೇಜಪ್ಪ ಮನೆಯ ಕಂಪ್ಯೂಟರಿಗೆ ಒಂದು ಆಟ ಹಾಕಿಕೊಟ್ಟ. ಇಂಟರ್ನೆಟ್ಟಿನಲ್ಲಿ ಆಟಗಳನ್ನು ಮಾರುವ ಒಂದು ಸಣ್ಣ ಅಂಗಡಿಯಿಂದ ಕೊಂಡದ್ದು ಅದು. ಬರಿಯ ಕಲ್ಲು ಮರಳಿನ ದ್ವೀಪವೊಂದರಲ್ಲಿ ಊರು ಕಟ್ಟುವ ಆಟ. ಮನೆ, ಬಾವಿ, ಬೀದಿಗಳು ಅಕ್ಕನ ಪಾಲಿಗೆ. ಸೇತುವೆ, ದೋಣಿ, ದೋಣಿ ತಂಗುವ ಧಕ್ಕೆ ಎಂದು ನೀರಿಗೆ ಸೇರಿದ್ದೆಲ್ಲ ತಮ್ಮನ ಪಾಲಿಗೆ. ಅಕ್ಕ ಗುಣವಾಗಿ ಎದ್ದಳು. ಮದುವೆಯಾಗಿ ಬೇರೆ ಊರಿಗೆ ಹೋದಳು. ಆಟ ನಿಲ್ಲಲಿಲ್ಲ. ಇಂಟರ್ನೆಟ್ಟಿನ ಮೂಲಕ ಅವಳು ಆಡಿದಷ್ಟು ಇವನ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು, ಇವನು ಆಡಿದಷ್ಟು ಅವಳಲ್ಲಿ. ಇವನು ಕಡಲಿಗೆ ಹೋದಾಗ ಮಾತ್ರ ದ್ವೀಪದ ಅರ್ಧ ಕೆಲಸ ನಿಂತುಹೋಗುತ್ತಿತ್ತು.

ಅದಕ್ಕೇ ತೇಜಪ್ಪ ಕೈಯಲ್ಲಿ ಹಿಡಿದು ಆಡುವ ಪುಟ್ಟ ಗೇಮಿಂಗ್ ಕಂಪ್ಯೂಟರೊಂದನ್ನು ಕೊಂಡ. ನಡುವೆ ಪರದೆ, ಎರಡೂ ಬದಿಗೆ ಗುಂಡಿಗಳು. ಆನ್ ಮಾಡಿದರೆ ಮೊದಲು ಕಾಣುವುದು ಅದನ್ನು ತಯಾರಿಸಿದವರದೇ ಅಂಗಡಿ. ಅಲ್ಲಿ ಸಾವಿರಾರು ಆಟಗಳಿದ್ದವು. ಅವನ ದ್ವೀಪ ಇರಲಿಲ್ಲ. ಎರಡು ದಿನ ಹುಡುಕಿ, ಇದರಲ್ಲಿ ಇವರ ಆಟ ಬಿಟ್ಟು ಬೇರೆಯವರದು ನಡೆಯುವುದಿಲ್ಲ ಎಂದು ತಾನೇ ತೀರ್ಮಾನಿಸಿದ. ಯಾರನ್ನೂ ಕೇಳಲಿಲ್ಲ. ಆ ಅಂಗಡಿಯ ಎರಡು ಆಟ ಕೊಂಡು ಕಡಲಿಗೆ ಹೋದ. ಆಟಗಳು ಚೆನ್ನಾಗಿಯೇ ಇದ್ದವು.

ಬಂದವನೇ ಅಕ್ಕನಿಗೆ ಫೋನ್ ಮಾಡಿದ. “ಅಕ್ಕಾ, ನಮ್ಮ ಹಳೆಯ ಆಟ ಇದರಲ್ಲಿ ಬರುವುದಿಲ್ಲ. ಅದನ್ನು ಬಿಟ್ಟು ಹೊಸದೊಂದನ್ನು ಮೊದಲಿನಿಂದ ಶುರು ಮಾಡೋಣ.”

“ಆಯ್ತು ಮಾರಾಯ, ನಿನಗೆ ಹೇಗೆ ಅನುಕೂಲವೋ ಹಾಗೆ” ಎಂದಳು ಅಕ್ಕ. ಆಮೇಲೆ ಮಗುವಿಗೆ ಹಲ್ಲು ಬಂದ ವಿಷಯ ಹೇಳಿ ಫೋನಿಟ್ಟಳು.

ಅವಳು ಬೈದಿದ್ದರೆ ತೇಜಪ್ಪನಿಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲವಲ್ಲ, ಅದೇ ಅವನನ್ನು ಕೊರೆಯಿತು.

ಮತ್ತೆ ಹೊರಡುವ ಹಿಂದಿನ ದಿನ ಬೋಟಿನ ವಯರ್‌ಲೆಸ್ ನೋಡಲು ಗ್ಲಾಡಿಸ್ ಬಾಯಿ ಬಂದಳು. ಬಂದರಿನ ಬೋಟುಗಳ ವಯರ್‌ಲೆಸ್ಸುಗಳೆಲ್ಲ ಅವಳ ಕೈಯಲ್ಲೇ ದುರಸ್ತಿಯಾಗುತ್ತಿದ್ದವು. ತೇಜಪ್ಪ ಆ ಪುಟ್ಟ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಆಡದೆ ಕೂತಿದ್ದ. ಏನೆಂದು ಕೇಳಿದಳು. ಅವನು ಹೇಳಿದ.

“ಇದು ಅಂಗಡಿಯಲ್ಲ ತೇಜಪ್ಪ, ಕಂಪ್ಯೂಟರ್. ಅಂಗಡಿ ಇದರ ಜಗಲಿಯಲ್ಲಿ ಕೂತಿದೆ, ಅಷ್ಟೇ. ನೀನು ಒಳಗೆ ಹೋಗಿ ನೋಡಿದ್ದೀಯಾ?”

ನೋಡಿರಲಿಲ್ಲ. ಗ್ಲಾಡಿಸ್ ಬಾಯಿ ಆನ್ ಮಾಡುವ ಗುಂಡಿಯನ್ನೇ ಒತ್ತಿ ಹಿಡಿದಳು. ಮೂಡಿದ ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಎಂಬುದನ್ನು ಆರಿಸಿದಳು. ಅಂಗಡಿ ಸರಿದು, ಮನೆಯ ಕಂಪ್ಯೂಟರಿನಂಥದೇ ಪರದೆ ತೆರೆಯಿತು. ಬೇರೆ ಬೇರೆ ಅಂಗಡಿಗಳ ಆಟಗಳನ್ನು ಒಂದೇ ಕಡೆ ತರುವ ಒಂದು ಪ್ರೋಗ್ರಾಮನ್ನು ಅವಳು ಇಳಿಸಿಕೊಂಡಳು. ತೇಜಪ್ಪ ತನ್ನ ಹಳೆಯ ಹೆಸರು, ಪಾಸ್‌ವರ್ಡ್ ಒತ್ತಿದ. ದ್ವೀಪ ಅಲ್ಲಿತ್ತು.

ಒಂದೇ ಸಲಕ್ಕೆ ಎಲ್ಲ ಸರಿಹೋಗಲಿಲ್ಲ. ಮೊದಲ ಸಲ ಪರದೆ ಕಪ್ಪಾಗಿ ನಿಂತುಬಿಟ್ಟಿತು. ಗ್ಲಾಡಿಸ್ ಬಾಯಿ ಏನೋ ಬದಲಾಯಿಸಿದ ಮೇಲೆ ತೆರೆಯಿತು. ಅಕ್ಷರಗಳು ಇರುವೆಯಷ್ಟಿದ್ದವು. ಮೌಸಿನಲ್ಲಿ ಆಡುವ ಆಟವಾದ್ದರಿಂದ ಗುಂಡಿಗಳಿಗೆ ತಮ್ಮ ಕೆಲಸ ಗೊತ್ತಿರಲಿಲ್ಲ. ಗಿಡ ನೆಡಲು ಒತ್ತಿದರೆ ಸೇತುವೆ ಬಿತ್ತು. ಇಬ್ಬರೂ ಕೂತು ಒಂದೊಂದು ಗುಂಡಿಗೂ ಅದರ ಕೆಲಸ ಹೇಳಿಕೊಟ್ಟರು. ಕೊನೆಗೆ ಗ್ಲಾಡಿಸ್ ಬಾಯಿ ಆ ಆಟವನ್ನು ಯಂತ್ರದ ಮೊದಲ ಪುಟದಲ್ಲೇ ತಂದು ಸೇರಿಸಿದಳು. ಉಳಿದ ಆಟಗಳಿಗೆ ಬಣ್ಣದ ಚಿತ್ರಗಳಿದ್ದವು. ಇದಕ್ಕೆ ಬೂದು ಚೌಕ, ಒಳಗೆ ಬರೀ ಹೆಸರು. “ಕಡಲಿನಲ್ಲಿ ಇಂಟರ್ನೆಟ್ ಸಿಗುವುದಿಲ್ಲ. ನಾಳೆ ದಡದಲ್ಲಿರುವಾಗಲೇ ಅದನ್ನು ಆಫ್ ಮಾಡಿ ಒಮ್ಮೆ ತೆರೆದು ನೋಡು” ಎಂದು ಹೇಳಿ ತನ್ನ ಕೆಲಸಕ್ಕೆ ಹೋದಳು.

ತೇಜಪ್ಪ ದ್ವೀಪವನ್ನು ಸುತ್ತಿದ. ತಾನು ಬಿಡೋಣ ಎಂದ ಮೇಲೂ ಅಕ್ಕ ಬಿಟ್ಟಿರಲಿಲ್ಲ. ಹೊಸ ಶಾಲೆ ಎದ್ದಿತ್ತು. ಪಡುವಣ ದಿಕ್ಕಿಗೆ ಹೊಸ ಬೀದಿಯೊಂದು ಇಳಿದುಹೋಗಿ ನೀರಿನ ಅಂಚಿನಲ್ಲಿ ನಿಂತಿತ್ತು. ಅಲ್ಲಿ ಮರದ ದಿಮ್ಮಿಗಳನ್ನು ರಾಶಿ ಹಾಕಿದ್ದಳು. ಧಕ್ಕೆಯನ್ನು ಮಾತ್ರ ಕಟ್ಟಿರಲಿಲ್ಲ. ಅದು ತಮ್ಮನ ಕೆಲಸ. ಅವನು ಬಹಳ ಹೊತ್ತು ಆ ರಾಶಿಯನ್ನೇ ನೋಡಿದ.

ಕಡಲಿನಲ್ಲಿ ನಾಲ್ಕನೆಯ ದಿನ ಮಧ್ಯಾಹ್ನ ಬಲೆ ನೀರಿನಲ್ಲಿತ್ತು, ಎಂಜಿನ್ ಒಂದೇ ಸಮನೆ ಓಡುತ್ತಿತ್ತು. ತೇಜಪ್ಪ ಎಂಜಿನ್ ಕೋಣೆಯ ಬಾಗಿಲಲ್ಲಿ ಕೂತು ಧಕ್ಕೆ ಕಟ್ಟಿದ. ಅಷ್ಟು ನೆಮ್ಮದಿಯ ಮಧ್ಯಾಹ್ನ ಅವನಿಗೆ ಬಹಳ ಕಾಲದಿಂದ ಸಿಕ್ಕಿರಲಿಲ್ಲ.

ದಡಕ್ಕೆ ಬಂದು ಇಂಟರ್ನೆಟ್ ಸಿಕ್ಕಿದ ಸ್ವಲ್ಪ ಹೊತ್ತಿಗೆ ಅಕ್ಕನ ಫೋನ್ ಬಂತು.

“ಧಕ್ಕೆ ಸೊಟ್ಟ ಕಟ್ಟಿದ್ದೀಯಲ್ಲೋ!”

“ಬೋಟು ಅಲ್ಲಾಡುತ್ತಿತ್ತು ಅಕ್ಕಾ.”

ಇಬ್ಬರೂ ನಕ್ಕರು.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಆ ಹೊಸ ಆಟಗಳನ್ನು ಬಿಟ್ಟನೇ?” ಎಂದು ನೀಲಮ್ಮ ಕೇಳಿದಳು.

“ಇಲ್ಲ, ಅವನ್ನೂ ಆಡುತ್ತಾನೆ.”

ನೀಲಮ್ಮ ಯೋಚಿಸಿದಳು. “ಬೇರೆ ಅಂಗಡಿಯದು ಬೇಡ ಎಂದು ಆ ಯಂತ್ರ ಒಂದು ದಿನವೂ ಹೇಳಿರಲಿಲ್ಲ. ಅವನೇ ಹಾಗೆ ಅಂದುಕೊಂಡಿದ್ದ” ಎಂದಳು.

“ನಾನು ಯಾವತ್ತು ಹೇಳಿದ್ದೆ, ತಾಯಿ?” ಎಂದರು ಗುರುಗಳು.

ಮರುದಿನ ಧ್ಯಾನಕ್ಕೆ ಕೂತಾಗ ಅಜ್ಜಿಯ ತತ್ವಪದ ನಾಲಿಗೆಗೆ ಬಂತು; ನೀಲಮ್ಮ ಅದನ್ನು ತಡೆಯಲಿಲ್ಲ.