ಕೊತವಾಲ ಕೇಳಿದ ದನಿ

ಬನ್ರಪ್ಪಾ, ಹತ್ತಿರ ಕೂತ್ಕೊಳ್ಳಿ, ಹೇಳ್ತೀನಿ. ಕಲ್ಲಂದೂರು ಅಂತ ಒಂದು ರಾಜ್ಯ. ಅದರ ಅಂಚಿನ ಹಟ್ಟಿಯೊಂದರಲ್ಲಿ ಬಾಳವ್ವ ಅನ್ನೋಳು ಇದ್ದಳು. ಅವಳ ಗಂಡ ಮಾಳಿಂಗ ಕಂಬಳಿ ನೇಯುತ್ತಿದ್ದ.

ಒಂದು ಬೆಳಗ್ಗೆ ಕಂಬಳಿ ಹೊತ್ತು ರಾಜಧಾನಿಯ ಸಂತೆಗೆ ಹೋದ. ಹೋದವನು ಬರಲಿಲ್ಲ, ಸುದ್ದಿ ಬಂತು. ಊರಬಾಗಿಲಲ್ಲಿ ಕೊತವಾಲ ದುರ್ಗೋಜಿ ಅವನ ಎದೆಗೆ ಈಟಿಯಿಂದ ತಿವಿದು ಕೊಂದನಂತೆ.

ಕೊತವಾಲ ಅಂದರೆ ಊರು ಕಾಯೋನು. ಕಾಯೋನು ಯಾಕೆ ಕೊಂದ? ಬಾಳವ್ವನಿಗೆ ತಿಳಿಯಲಿಲ್ಲ. ನಡೆದಳು, ನಡೆದಳು, ಅರಮನೆ ಮುಟ್ಟಿ ದೊರೆಯನ್ನೇ ಕೇಳಿದಳು. ದೊರೆ ಕೊತವಾಲನನ್ನು ಕರೆಸಿದ.

"ಅವನು ಕಳ್ಳ, ದೊರೆಯೇ! ನಿಲ್ಲು ಅಂದೆ, ಓಡಿದ. ತಿವಿದೆ."

ಬಾಳವ್ವ ಗೊಂದಲಕ್ಕೆ ಬಿದ್ದಳು. ಓಡಿದನೇ? ಕುರಿಗಿಂತ ಪುಕ್ಕಲ, ಹೆದರಿ ಓಡಿದ್ದರೂ ಓಡಿರಬಹುದು. ಆದರೆ ಕಳ್ಳನೇ?

ದೊರೆ ಕೇಳಿದ, "ಓಡೋನಿಗೆ ಬೆನ್ನಿಗೆ ಗಾಯ ಆಗಬೇಕು. ಇವನಿಗೆ ಎದೆಗೆ ಹೇಗಾಯ್ತು?"

"ತಿರುಗಿಬಿದ್ದ, ದೊರೆಯೇ! ಕುಡುಗೋಲು ಎತ್ತಿದ."

ಕುಡುಗೋಲು? ಮನೆಯ ಸೂರಿನಲ್ಲೇ ಸಿಕ್ಕಿಸಿತ್ತಲ್ಲ? ಇತ್ತೋ, ಇರಲಿಲ್ಲವೋ? ಅಳುವಿನಲ್ಲಿ ಬಾಳವ್ವ ನೋಡಿಯೇ ಇರಲಿಲ್ಲ. ನನ್ನ ಗಂಡನನ್ನು ನಾನೇ ಅರಿಯಲಿಲ್ಲವೇ ಅನ್ನಿಸಿತು.

"ಎಲ್ಲಿ ಆ ಕುಡುಗೋಲು?" ಅಂದ ದೊರೆ.

ದುರ್ಗೋಜಿ ಬೆವರೊರೆಸಿಕೊಂಡ. ಸತ್ತವನ ಮೇಲೆ ದೊರೆಗೇ ಸಿಟ್ಟು ಬರಿಸಿದರೆ ತಾನು ಉಳಿದೆ ಅಂದುಕೊಂಡ. "ಸಂತೆಯ ಜನರಲ್ಲಿ ಯಾರೋ ಎತ್ತಿಕೊಂಡರು. ಅದು ಹಾಗಿರಲಿ, ಅವನಾಡಿದ ಮಾತು! 'ನಿಮ್ಮ ದೊರೆಯ ತಲೆ ಬೋಳಿಸ್ತೀನಿ' ಅಂತ ಕೂಗಿದ. ನನ್ನ ರಕ್ತ ಕುದಿಯಿತು!"

ದೊರೆಯ ಮುಖ ಕೆಂಪಾಯಿತು. ಮಂತ್ರಿ ಬಗ್ಗಿ ಪಿಸುಗುಟ್ಟಿದ, "ಕೊತವಾಲನನ್ನೇ ಶಿಕ್ಷಿಸಿದರೆ ನಾಳೆ ಕಾಯೋರು ಯಾರು?" ದೊರೆಗೂ ದಿಕ್ಕು ತೋಚಲಿಲ್ಲ.

ಬಾಳವ್ವ ಮೆಲ್ಲಗೆ ಕೊತವಾಲನ ಹತ್ತಿರ ಹೋದಳು. ಮುಖದಲ್ಲಿ ಸಿಟ್ಟಿಲ್ಲ, ಬರೀ ಬೆರಗು.

"ಯಪ್ಪಾ, ಅವನು ಕೂಗಿದ್ದು ನೀನು ಕೇಳಿದೆಯಾ?"

"ಕಿವಿಯಾರೆ ಕೇಳಿದೆ."

"ಅವನ ದನಿ ಹೆಂಗಿತ್ತು?"

"ಗಡಸು ದನಿ. ಗುಡುಗಿದ ಹಾಗೆ."

"ಹಂಗಾ?" ಬಾಳವ್ವನ ಕಣ್ಣು ತುಂಬಿತು. "ನಾನು ಒಮ್ಮೆಯೂ ಕೇಳಿಲ್ಲ. ಅವನು ಹುಟ್ಟುಮೂಗ. ನನ್ನ ಹೆಸರು ಹಿಡಿದೂ ಕರೆದೋನಲ್ಲ. ಸಾಯೋವಾಗ ಮಾತು ಬಂತಾ, ಯಪ್ಪಾ? ಮತ್ತೇನಂದ?"

ಕೊತವಾಲ ಒಂದು ಹೆಜ್ಜೆ ಹಿಂದೆ ಸರಿದ.

ಅವತ್ತು ಊರಬಾಗಿಲಲ್ಲಿದ್ದ ಕಾವಲಿನವನೊಬ್ಬ ದೊರೆಯ ಕಾಲಿಗೆ ಬಿದ್ದ. "ತಪ್ಪಾಯ್ತು, ದೊರೆಯೇ! ಯಾರು ನೀನು ಅಂತ ಕೇಳಿದಾಗ ಅವನು ಕೈಸನ್ನೆ ಮಾಡಿದ. ಅಣಕಿಸ್ತಾನೆ ಅಂದುಕೊಂಡು ಕೊತವಾಲರು ತಿವಿದರು. ನಾವು ಹೆದರಿ ಬಾಯಿ ಮುಚ್ಚಿಕೊಂಡೆವು."

ದೊರೆ ಮಂತ್ರಿಯ ಕಡೆ ತಿರುಗಿದ. "ಕಾಯೋರು ಯಾರು ಅಂದೆಯಲ್ಲ? ಇವನಿಂದ ಜನರನ್ನು ಕಾಯೋರು ಯಾರು?"

ದುರ್ಗೋಜಿಯ ಈಟಿ ಕಿತ್ತುಕೊಂಡು, ಬದುಕಿರೋವರೆಗೂ ಸೆರೆಮನೆಯಲ್ಲಿಡಿ ಅಂದ. ಆಮೇಲೆ ಗದ್ದುಗೆ ಇಳಿದು ಬಂದ. "ತಾಯೀ, ಆ ಈಟಿ ಕೊಟ್ಟೋನು ನಾನೇ. ಕ್ಷಮಿಸು."

ಬಾಳವ್ವ ತಲೆಯಾಡಿಸಿದಳು. ಹೂಂ ಅಂದಳೋ, ಊಹೂಂ ಅಂದಳೋ, ಅವಳಿಗೇ ಗೊತ್ತಾಗಲಿಲ್ಲ. ಹೊರಗೆ ಬಂದು, ಹಟ್ಟಿಯ ದಾರಿ ಯಾವುದು ಅಂತ ತಿಳಿಯದೆ ಬಹಳ ಹೊತ್ತು ನಿಂತಳು.

ಅದಕ್ಕೇ ಹೇಳೋದು ಮಕ್ಕಳೇ: ಆಯುಧ ಹಿಡಿದು ಕಾಯೋನು, ತಾನು ತೆಗೆದ ಜೀವಕ್ಕೆ ಜವಾಬು ಹೇಳಲೇಬೇಕು. ಕೇಳದೆ ಬಿಟ್ಟರೆ, ಆಯುಧ ಕೊಟ್ಟ ದೊರೆಯೂ ಕೊಂದಂತೆಯೇ.