ಬಂಡೆಯ ಮೇಲೆ ಸಿಗ್ನಲ್, ಹಳ್ಳದಲ್ಲಿ ಚಿರತೆ

ಒಂದು ಕಾಡಿನಲ್ಲಿ ಪ್ರಾಣಿಗಳಿಗೆಲ್ಲ ಮೊಬೈಲ್ ಫೋನಿನ ಹುಚ್ಚು ಹಿಡಿಯಿತು. ಅದಕ್ಕೂ ಮೊದಲು ಅಲ್ಲಿ ಒಂದು ಒಳ್ಳೆಯ ರೂಢಿ ಇತ್ತು. ಕರಿಮುಖದ ಮುದಿ ಮುಸುವ ಕೋತಿ ಮರದ ತುದಿಯಲ್ಲಿ ಕೂತು ಕಾವಲು ಕಾಯುತ್ತಿತ್ತು. ಚಿರತೆಯ ಬಾಲ ಕಂಡರೆ ಸಾಕು, "ಖಕ್! ಖಕ್!" ಎಂದು ಕೂಗುತ್ತಿತ್ತು. ಕೆಳಗೆ ಬಿದಿರುಹಳ್ಳದಲ್ಲಿ ಮೇಯುವ ಜಿಂಕೆಗಳು ಕಿವಿ ನಿಮಿರಿಸಿ ಓಟ ಕೀಳುತ್ತಿದ್ದವು. ಇದಕ್ಕಾಗಿ ಯಾರೂ ಯಾರಿಗೂ ಏನೂ ಕೊಡುತ್ತಿರಲಿಲ್ಲ. ಪುಕ್ಕಟೆ ಸಿಗುವುದಕ್ಕೆ ಕಿಮ್ಮತ್ತು ಎಲ್ಲಿರುತ್ತದೆ, ನೀವೇ ಹೇಳಿ!

ಹೀಗಿರುವಾಗ ಒಂದು ನರಿ ಗುಡ್ಡದ ನೆತ್ತಿಯ ಬೋಳುಬಂಡೆಯ ಮೇಲೆ ಫೋನಿನ ಅಂಗಡಿ ತೆರೆಯಿತು. ಆ ಜಾಗವೇ ಯಾಕೆ ಎಂದು ಯಾರೂ ಕೇಳಲಿಲ್ಲ. ಅಲ್ಲಿ ಎಂಥ ಫೋನು ಹಿಡಿದರೂ ಸಿಗ್ನಲ್ ಕಡ್ಡಿಗಳು ತುಂಬಿಕೊಳ್ಳುತ್ತಿದ್ದವು. ಬಂದ ಪ್ರಾಣಿಗಳು ಅಲ್ಲೇ ನಿಂತು "ಹಲೋ, ಹಲೋ" ಎಂದು ಹಿಗ್ಗಿ, ಅಲ್ಲೇ ಕೊಂಡು ಹೋಗುತ್ತಿದ್ದವು. ಬದುಕುವುದು ಹಳ್ಳದಲ್ಲಿ, ಪರೀಕ್ಷೆ ಮಾಡುವುದು ಬಂಡೆಯ ಮೇಲೆ. ಅಷ್ಟೊಂದು ಜಾಣರು!

ಒಂದು ದಿನ ತಾಯಿ ಜಿಂಕೆಯೊಂದು ಪುಟ್ಟ ಮರಿಯನ್ನು ಕರೆದುಕೊಂಡು ಅಂಗಡಿಗೆ ಬಂತು. ಅದರ ಹಿಂದಿನ ಮರಿಯನ್ನು ಚಿರತೆ ಹೊತ್ತುಕೊಂಡು ಹೋಗಿತ್ತು. ಈ ಮರಿಯನ್ನಾದರೂ ಉಳಿಸಿಕೊಳ್ಳಬೇಕು ಎಂಬುದೊಂದೇ ಅದರ ಆಸೆ.

"ನರಿಯಣ್ಣ, ಮುಸುವ ಮಾವನಿಗೆ ವಯಸ್ಸಾಯ್ತು. ಗಾಳಿ ಬೀಸಿದರೆ ಅವನ ಕೂಗು ಹಳ್ಳಕ್ಕೆ ಕೇಳಿಸಲ್ಲ. ಚಿರತೆ ಕಂಡ ಕೂಡಲೇ ಅವನು ನನಗೆ ಫೋನ್ ಮಾಡೋ ಹಾಗಿರಬೇಕು. ಅಂಥದ್ದೊಂದು ಕೊಡು," ಎಂದಿತು ಜಿಂಕೆ.

"ಅಷ್ಟೇ ತಾನೇ ಅಕ್ಕಾ? ಬಾ, ಕೂತ್ಕೋ. ಅಬ್ಬಾ, ಮರಿ ಎಷ್ಟು ದುಂಡುದುಂಡಗಿದೆ!" ಎಂದು ನರಿ ನಾಲಿಗೆಯಿಂದ ತುಟಿ ಸವರಿಕೊಂಡಿತು.

ಮೂಲೆಯಲ್ಲಿ ಗುಂಡಿ ಒತ್ತುವ ಒಂದು ಕಪ್ಪು ಡಬ್ಬಾ ಫೋನು ಬಿದ್ದಿತ್ತು. ಜಿಂಕೆ ಅದರ ಕಡೆ ನೋಡಿತು. "ಅದು ಹೇಗೆ?"

"ಥೂ, ಅದಾ? ಅದನ್ನ ಹಿಡ್ಕೊಂಡು ನಾಲ್ಕು ಜನರ ಮುಂದೆ ಓಡಾಡ್ತೀಯಾ? ಕಾಡುಹಂದಿನೂ ನಗುತ್ತೆ," ಎಂದು ನರಿ ಮೂಗು ಮುರಿಯಿತು. ಬೆನ್ನ ಮೇಲೆ ನವಿಲುಬಣ್ಣ ಹೊಳೆಯುವ ತೆಳ್ಳನೆಯ ಫೋನೊಂದನ್ನು ಮುಂದಿಟ್ಟಿತು. "ಇದನ್ನ ನೋಡು. ಕ್ಯಾಮೆರಾದಲ್ಲಿ ಮರಿ ಮೈಮೇಲಿನ ಒಂದೊಂದು ಚುಕ್ಕೀನೂ ಎಣಿಸಬಹುದು. ರಿಂಗ್‌ಟೋನು ಕೋಗಿಲೆದು."

"ಹಳ್ಳದಲ್ಲಿ ನೆಟ್‌ವರ್ಕ್ ಸಿಗುತ್ತಾ?"

"ಕಣ್ಣಾರೆ ನೋಡು! ಕಡ್ಡಿ ತುಂಬಿ ತುಳುಕ್ತಿದೆ. ಇಲ್ಲಿ ಸಿಗೋದು ಅಲ್ಲಿ ಸಿಗಲ್ವಾ?"

ಜಿಂಕೆ ನೋಡಿತು. ಕಡ್ಡಿ ತುಂಬಿಯೇ ಇತ್ತು. ಚಳಿಗಾಲವಿಡೀ ಆರಿಸಿಟ್ಟಿದ್ದ ಬೋರೆಹಣ್ಣನ್ನೆಲ್ಲ ನರಿಯ ಮುಂದೆ ಸುರಿದು, ಫೋನನ್ನು ಕೊರಳಿಗೆ ಕಟ್ಟಿಕೊಂಡು ಇಳಿಯಿತು.

ದಾರಿಯಲ್ಲಿ ಮುಸುವ ಸಿಕ್ಕಿತು. ಮರದ ತುದಿಯಲ್ಲಿ ಸಿಗ್ನಲ್ಲಿಗೆ ಬರವಿಲ್ಲದ್ದರಿಂದ ಅದೂ ಒಂದು ಹಳೆಯ ಫೋನು ಇಟ್ಟುಕೊಂಡಿತ್ತು. "ಕೊಳ್ಳೋ ಮುಂಚೆ ಒಂದ್ಸಲ ಹಳ್ಳಕ್ಕೆ ಇಳಿಸಿ ನೋಡಬಾರದಿತ್ತೇನವ್ವ?" ಎಂದಿತು.

"ಬಂಡೆ ಮೇಲೆ ನಾನೇ ನೋಡಿದೀನಿ ಮಾವ. ಇನ್ಮೇಲೆ ನೀನು ಕೂಗಬೇಡ. ಮರಿ ನಿದ್ದೆಯಲ್ಲಿ ಬೆಚ್ಚಿಬೀಳುತ್ತೆ. ಫೋನ್ ಮಾಡಿದರೆ ಸಾಕು," ಎಂದಿತು ಜಿಂಕೆ. ಮುಸುವ ಸರಿ ಎಂದಿತು. ಬೇಡ ಎಂದವರ ಮುಂದೆ ಗಂಟಲು ಹರಿದುಕೊಳ್ಳಲು ಯಾರಿಗೆ ಮನಸ್ಸಿರುತ್ತದೆ?

ಬಿದಿರುಹಳ್ಳದಲ್ಲಿ ಜಿಂಕೆ ದಿನವೂ ಮರಿಯ ಚಿತ್ರ ತೆಗೆಯಿತು. ಮರಿ ನೀರು ಕುಡಿಯುವುದು, ಮರಿ ಆಕಳಿಸುವುದು, ಮರಿ ತನ್ನ ನೆರಳನ್ನೇ ಹಾಯಲು ಹೋಗುವುದು. ಉಳಿದ ಜಿಂಕೆಗಳು ಸುತ್ತ ನೆರೆದು ಬೆರಗಾದವು. ಪರದೆಯ ಮೂಲೆಯಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಆ ಮೂಲೆಯನ್ನು ಯಾರೂ ನೋಡಲಿಲ್ಲ.

ಒಂದು ಮಧ್ಯಾಹ್ನ ಮುಸುವನಿಗೆ ಬಿದಿರಿನ ಸಂದಿಯಲ್ಲಿ ಚಿರತೆಯ ಬಾಲ ಕಂಡಿತು. ಬಾಯಿಗೆ ಬಂದ ಕೂಗನ್ನು ನುಂಗಿಕೊಂಡು ಫೋನು ಒತ್ತಿತು. "ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ," ಎಂದಿತು ಫೋನು. ಮತ್ತೆ ಒತ್ತಿತು. ಮತ್ತೆ ಅದೇ ಮಾತು, ಅದೇ ಇಂಪಾದ ದನಿ. ಕೊನೆಗೆ ಫೋನು ಬದಿಗಿಟ್ಟು "ಖಕ್!" ಎಂದು ಕೂಗುವಷ್ಟರಲ್ಲಿ ಹೊತ್ತು ಮೀರಿತ್ತು. ತಾಯಿ ತಪ್ಪಿಸಿಕೊಂಡಿತು. ಮರಿ ತಪ್ಪಿಸಿಕೊಳ್ಳಲಿಲ್ಲ.

ಜಿಂಕೆ ಅಳುತ್ತ ಬಂಡೆ ಹತ್ತಿತು. ಮೇಲೆ ತಲುಪಿದ್ದೇ ತಡ, ಕೊರಳಿನ ಫೋನು ಟಿಣ್ ಟಿಣ್ ಎಂದಿತು. ಮುಸುವನ ಮಿಸ್ಡ್ ಕಾಲುಗಳೆಲ್ಲ ಒಟ್ಟಿಗೆ ಬಂದು ಬಿದ್ದವು.

"ನನ್ನ ಮರಿ ಹೋಯ್ತು ನರಿಯಣ್ಣ. ನಿನ್ನ ಫೋನು ಹಳ್ಳದಲ್ಲಿ ಉಸಿರೇ ಎತ್ತಲಿಲ್ಲ."

ನರಿ ಫೋನನ್ನು ತಿರುಗಿಸಿ ಮುರುಗಿಸಿ ನೋಡಿತು. "ಇದರಲ್ಲಿ ಏನೂ ದೋಷ ಇಲ್ಲವಲ್ಲ ಅಕ್ಕಾ. ನೋಡು, ಕಡ್ಡಿ ತುಂಬ ಇದೆ. ದೋಷ ಇರೋದು ನಿನ್ನ ಹಳ್ಳದಲ್ಲಿ." ಮರಿಯ ಚಿತ್ರ ಪರದೆಯ ಮೇಲೆ ಬಂತು. "ಆಹಾ, ಚಿತ್ರ ಎಷ್ಟು ಚೆನ್ನಾಗಿ ಬಂದಿದೆ!"

ಇಷ್ಟು ಹೇಳುವಾಗ ಅದರ ಮೀಸೆಗೆ ರಕ್ತ ಅಂಟಿತ್ತು. ಚಿರತೆ ತಿಂದು ಬಿಟ್ಟ ಮೂಳೆ ಯಾವಾಗಲೂ ನರಿಯ ಪಾಲು. ಹಳ್ಳದಲ್ಲಿ ಫೋನು ಸತ್ತಷ್ಟೂ ನರಿಗೆ ಊಟ. ಇಂಥವನ ಹೊಟ್ಟೆಗೆ ಕಿಚ್ಚು ಬೀಳಲಿ ಅನ್ನದೆ ಇನ್ನೇನು ಅನ್ನೋಣ!

ಜಿಂಕೆ ಎಲ್ಲರ ಹತ್ತಿರ ಹೋಗಿ ಹೇಳಿತು. "ಫೋನ್ ಏನ್ಮಾಡುತ್ತೆ? ನಿನ್ನ ಗ್ರಹಚಾರ," ಎಂದವು ಕಾಟಿಗಳು, ಅಂದರೆ ಕಾಡುಕೋಣಗಳು. ಅವೂ ಅದೇ ನವಿಲುಬಣ್ಣದ ಫೋನು ಕೊಂಡಿದ್ದವು, ತಾವು ಮೋಸ ಹೋದೆವು ಎಂದು ಒಪ್ಪಿಕೊಳ್ಳಲು ನಾಚಿಕೆ. ಮುಸುವ ಮಾತ್ರ ಮತ್ತೆ ಬಾಯಿಬಿಟ್ಟು ಕೂಗತೊಡಗಿತು. ಜಿಂಕೆಗಳು ಮತ್ತೆ ಕಿವಿಗೊಟ್ಟವು. ಚಿರತೆಗೆ ಬೇಟೆ ತಪ್ಪಿತು, ಮತ್ತೆ ಮತ್ತೆ ತಪ್ಪಿತು.

ಹಸಿದ ಚಿರತೆಗೆ ಒಂದು ದಿನ ಹಿಂದೆ ಹಿಂದೆಯೇ ಬರುವ ನರಿ ಕಣ್ಣಿಗೆ ಬಿತ್ತು. ಮೂಳೆ ತಿಂದು ತಿಂದು ಅದೂ ದುಂಡುದುಂಡಗಿತ್ತು. ನರಿ ಕಾಲಿಗೆ ಬುದ್ಧಿ ಹೇಳಿತು. ಹಳ್ಳದ ಅಂಚಿನ ಒಂದು ಹಳೆಯ ಬಿಲಕ್ಕೆ ನುಗ್ಗಿತು. ಚಿರತೆ ಹೊರಗೆ ಕೂತು ಮಣ್ಣು ಕೆರೆಯತೊಡಗಿತು.

ನರಿ ತನ್ನ ಫೋನು ತೆಗೆಯಿತು. ಯಾವ ಫೋನು ಅಂತೀರಿ? ಅದೇ ಕಪ್ಪು ಡಬ್ಬಾ ಫೋನು. ಹಳ್ಳದಲ್ಲೂ ಬಿಲದಲ್ಲೂ ಸಿಗ್ನಲ್ ಹಿಡಿಯುವುದು ಅದೊಂದೇ ಎಂದು ಗೊತ್ತಿದ್ದ ನರಿ ಅದನ್ನು ತನಗಾಗಿ ಇಟ್ಟುಕೊಂಡಿತ್ತು. ಕಾಟಿಗಳ ಹಿಂಡು ಪಕ್ಕದ ಬಿದಿರಿನ ಆಚೆಯೇ ಮೇಯುತ್ತಿತ್ತು. ಅವು ಬಂದು ಕೊಂಬು ತೋರಿಸಿದ್ದರೆ ಚಿರತೆ ಓಡಿಹೋಗುತ್ತಿತ್ತು. ನರಿ ಕಾಟಿಗಳ ನಾಯಕನಿಗೆ ಕರೆ ಮಾಡಿತು.

"ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ."

ಇನ್ನೊಂದು ಕಾಟಿಗೆ ಮಾಡಿತು. ಅದೇ ಮಾತು. ಎಲ್ಲವೂ ತಾನೇ ಮಾರಿದ ಫೋನುಗಳು. ಇಂಪಾದ ಆ ದನಿಯನ್ನು ಕೇಳುತ್ತಿರುವಾಗಲೇ ಚಿರತೆಯ ಪಂಜ ಒಳಗೆ ಬಂತು.

ಮರುದಿನ ಜಿಂಕೆಗೆ ಬಿಲದ ಬಾಯಲ್ಲಿ ಆ ಡಬ್ಬಾ ಫೋನು ಸಿಕ್ಕಿತು. ಅದಕ್ಕೆ ತನ್ನ ಸಿಮ್ ಹಾಕಿ, ಕಚ್ಚಿಕೊಂಡು ಹಳ್ಳದ ತಳಕ್ಕೆ, ನೀರಿನ ಹತ್ತಿರಕ್ಕೆ ಇಳಿಯಿತು. ಮರದ ಮೇಲಿನಿಂದ ಮುಸುವ ಕರೆ ಮಾಡಿತು. ಫೋನು ಗಟ್ಟಿಯಾಗಿ ಕಿರ್ ಎಂದಿತು.

"ಕೇಳಿಸ್ತಿದೆಯೇನವ್ವ?"

"ಕೇಳಿಸ್ತಿದೆ ಮಾವ," ಎಂದಿತು ಜಿಂಕೆ. "ಚೆನ್ನಾಗಿ ಕೇಳಿಸ್ತಿದೆ."

ಆಮೇಲೆ ಪಕ್ಕಕ್ಕೆ ತಿರುಗಿ ನೋಡಿತು. ಮರಿ ಮಲಗುತ್ತಿದ್ದ ಜಾಗದಲ್ಲಿ ಬಾಗಿದ್ದ ಹುಲ್ಲು ಆಗಲೇ ಎದ್ದು ನಿಂತಿತ್ತು.

ನೀತಿ: ಕೊಳ್ಳುವ ವಸ್ತುವನ್ನು ಮಾರುವವನ ಅಂಗಡಿಯಲ್ಲಿ ಮೆಚ್ಚಿದರೆ ಸಾಲದು, ನಾವು ಬದುಕುವ ಜಾಗದಲ್ಲಿ ಪರೀಕ್ಷಿಸಬೇಕು, ಕೆಲಸಕ್ಕೆ ಬಾರದ್ದನ್ನು ತಿಳಿದೂ ತಿಳಿದೂ ಮಾರಿದವನ ಕೂಗು ಅವನ ಕಷ್ಟಕಾಲದಲ್ಲಿ ಯಾರಿಗೂ ಮುಟ್ಟುವುದಿಲ್ಲ.