ಕಡಲಿಗಿಳಿದ ವೀರಗಲ್ಲುಗಳು

ಅಳಿವೆಕೋಟೆಯ ಅರಸ ಕೇತರಸನಿಗೆ ಒಂದು ಹೆಮ್ಮೆಯಿತ್ತು. ತನ್ನ ರಾಜ್ಯದಲ್ಲಿರುವಷ್ಟು ವೀರರು ಭೂಮಿಯ ಮೇಲೆ ಬೇರೆಲ್ಲೂ ಇಲ್ಲ ಎನ್ನುತ್ತಿದ್ದ. ಅನುಮಾನವಿದ್ದವರು ಅರಮನೆಯ ಬಾಗಿಲಿಗೆ ಬಂದು ನೋಡಬಹುದಿತ್ತು. ರಾಜಬೀದಿಯ ಎರಡೂ ಕಡೆ ಆಳೆತ್ತರದ ವೀರಗಲ್ಲುಗಳು ಸಾಲಾಗಿ ನಿಂತಿದ್ದವು.

ಬೇರೆ ಊರುಗಳಲ್ಲಿ ಹೋರಾಡಿ ಸತ್ತವನಿಗೆ ಅವನು ಬಿದ್ದ ಜಾಗದಲ್ಲಿ ವೀರಗಲ್ಲು ಹಾಕುತ್ತಾರೆ. ಅಳಿವೆಕೋಟೆಯಲ್ಲಿ ತಲೆಮಾರುಗಳಿಂದ ಯುದ್ಧವೇ ಆಗಿರಲಿಲ್ಲ. ಯಾರಾದರೂ ಸಾಯಲಿ ಎಂದು ಕಾದಿದ್ದರೆ ಕಲ್ಲುಕುಟಿಗರು ಉಪವಾಸ ಬೀಳುತ್ತಿದ್ದರು. ಹಾಗಾಗಿ ಆಸ್ಥಾನದ ದೊಡ್ಡ ಮನುಷ್ಯರು ಬದುಕಿರುವಾಗಲೇ ತಮ್ಮ ತಮ್ಮ ಕಲ್ಲು ಹಾಕಿಸಿಕೊಂಡಿದ್ದರು.

ದಳವಾಯಿ ಬಮ್ಮಣನದು ಎಲ್ಲಕ್ಕಿಂತ ದೊಡ್ಡದು. ಅದರಲ್ಲಿ ಅವನು ಹುಲಿಯನ್ನು ಇರಿಯುತ್ತಿದ್ದ. ನಿಜಕ್ಕೂ ಹಿಂದೊಮ್ಮೆ ಅವನನ್ನು ಅಟ್ಟಿಸಿಕೊಂಡು ಬಂದದ್ದು ಒಂದು ಹೋರಿ. ಕಲ್ಲಿನಲ್ಲಿ ಅದು ಹುಲಿಯಾಯಿತು, ಓಡುವ ದಿಕ್ಕೂ ಬದಲಾಯಿತು.

ಒಂದು ದಿನ ಮೊಗವೀರರ ಕೇರಿಯ ಅಕ್ಕಣಿ ಎಂಬ ಹೆಂಗಸು ಆಸ್ಥಾನಕ್ಕೆ ಬಂದಳು. ಹಿಂದಿನ ಮಳೆಗಾಲದ ಬಿರುಗಾಳಿಯಲ್ಲಿ, ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಕಟ್ಟಿಹಾಕಿದ್ದ ದೋಣಿಗಳು ಒಂದಕ್ಕೊಂದು ಬಡಿದು ಚೂರಾಗಿದ್ದವು. ಅವನ್ನು ಬಿಡಿಸಲು ನೀರಿಗಿಳಿದ ಅವಳ ಗಂಡ ಬಚ್ಚ ತಿರುಗಿ ಬಂದಿರಲಿಲ್ಲ. ಈಗ ಅವಳಿಗೆ ಉಳಿದದ್ದು ಒಂದು ದೋಣಿ, ಅದನ್ನು ನಡೆಸುವ ಇಬ್ಬರು ಗಂಡುಮಕ್ಕಳು.

"ಒಡೆಯಾ, ನಡುಗಡಲಂಗೆ ದೋಣಿ ಒಡಿತಿಲ್ಲೆ, ಮನಿ ಬಾಗ್ಲಂಗೇ ಒಡಿತ್ತ್," ಎಂದಳು ಅಕ್ಕಣಿ. "ಅಲೆ ತಡೂಕೆ ಒಂದ್ ಕಲ್ಲಿನ್ ಗೋಡೆ ಕಟ್ಸಿ. ಮಕ್ಕಳ್ನೂ ಕಡಲಿಗೆ ಕೊಡುಕೆ ನನ್ ಕೈಯಂಗೆ ಆತಿಲ್ಲೆ."

ಇರುವ ಕಲ್ಲೆಲ್ಲ ಕೋಟೆಯ ಹೊಸ ಬುರುಜಿಗೆ ಬೇಕು ಎಂದು ದಳವಾಯಿ ಹೇಳಿದ. ಅರಸ ತಲೆಯಾಡಿಸಿದ. ಮಾತಾಡುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ಆಸ್ಥಾನಿಕ ಸಾಂತಯ್ಯನಿಗೆ ಸುಮ್ಮನಿರಲಾಗಲಿಲ್ಲ. ಬುರುಜಿಗೆ ಶತ್ರು ಬರುವುದು ಯಾವಾಗಲೋ, ಅಳಿವೆಗೆ ಮಳೆಗಾಲ ಬರುವುದಂತೂ ಖಂಡಿತ ಎಂದುಬಿಟ್ಟ.

ಅರಸನಿಗೆ ರೇಗಿತು. "ಅಷ್ಟು ಮರುಕವಿದ್ದರೆ ನೀನೇ ಕಟ್ಟು. ಬೊಕ್ಕಸದ ಹಣ ಮುಟ್ಟಕೂಡದು, ಕೋಟೆಯ ಕಲ್ಲೂ ಗಣಿಯ ಕಲ್ಲೂ ಮುಟ್ಟಕೂಡದು. ಮಳೆ ಹಿಡಿಯುವುದರೊಳಗೆ ಆಗದಿದ್ದರೆ ಆಸ್ಥಾನಕ್ಕೆ ಬರಬೇಡ. ಕೇರಿಯಲ್ಲಿ ಮೀನು ಒಣಗಿಸಿಕೊಂಡಿರು."

ಸಾಂತಯ್ಯ ಈರುಳ್ಳಿಯನ್ನೂ ತಿನ್ನದವನು. ಸಭೆಯೆಲ್ಲ ನಕ್ಕಿತು. ಅವನಿಗೆ ನಗು ಬರಲಿಲ್ಲ. ಬಾಗಿಲಲ್ಲಿ ಅಕ್ಕಣಿ ಇನ್ನೂ ನಿಂತಿದ್ದಳು. ರಾಜಬೀದಿಯಲ್ಲಿ ಮನೆಗೆ ಹೋಗುವಾಗ ಹುಲಿ ಇರಿಯುತ್ತಿದ್ದ ಬಮ್ಮಣನ ಎದುರು ಕೊಂಚ ಹೊತ್ತು ನಿಂತ. ಕಲ್ಲಿನ ದಪ್ಪವನ್ನು ಗೇಣಿನಲ್ಲಿ ಅಳೆದು ನೋಡಿದ.

ಮರುದಿನ ಅವನು ಸಪ್ಪೆ ಮೋರೆ ಹಾಕಿಕೊಂಡು ಆಸ್ಥಾನಕ್ಕೆ ಬಂದ. ಏನಾಯಿತೆಂದು ಅರಸ ಕೇಳಿದ.

"ಹೇಳಬಾರದು, ಮಹಾಸ್ವಾಮಿ. ನಿನ್ನೆ ಒಬ್ಬ ಪರದೇಶದ ವ್ಯಾಪಾರಿ ನಮ್ಮ ವೀರಗಲ್ಲುಗಳನ್ನು ನೋಡಿ ಕಣ್ಣೀರು ಹಾಕಿದ."

"ಅಷ್ಟು ಚೆನ್ನಾಗಿವೆಯೇ?"

"ವೀರಗಲ್ಲು ಇರುವುದು ಕಾಳಗ ನಡೆದ ಜಾಗದಲ್ಲಿ ತಾನೇ ಎಂದ. ಹೌದು ಎಂದೆ. ಅಯ್ಯೋ ಪಾಪ, ಹಾಗಾದರೆ ಶತ್ರುಗಳು ನಿಮ್ಮ ಅರಸನ ಹೊಸ್ತಿಲವರೆಗೂ ಬಂದಿದ್ದರೇ ಎಂದ."

ಅರಸನ ಮುಖ ಬಾಡಿತು. ಆ ವ್ಯಾಪಾರಿ ಯಾರೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಸಾಂತಯ್ಯ ಅವನನ್ನು ಹುಟ್ಟಿಸಬೇಕಾಗುತ್ತಿತ್ತು. ಹಾಗಾದರೆ ಕಲ್ಲುಗಳು ಎಲ್ಲಿರಬೇಕು ಎಂದು ಅರಸ ಮೆಲ್ಲಗೆ ವಿಚಾರಿಸಿದ.

"ಶತ್ರು ಬರುವ ಕಡೆ, ಮಹಾಸ್ವಾಮಿ. ನಮ್ಮ ಮೇಲೆ ವರ್ಷವೂ ತಪ್ಪದೆ ದಂಡೆತ್ತಿ ಬರುವವನು ಕಡಲರಾಜ ಒಬ್ಬನೇ. ಅವನು ನುಗ್ಗುವುದು ಅಳಿವೆಯಲ್ಲಿ."

ಉಪ್ಪುನೀರಿಗೆ ಕೆತ್ತನೆ ಸವೆದುಹೋಗುತ್ತದೆ ಎಂದು ದಳವಾಯಿ ಎದ್ದು ನಿಂತ.

ಸಾಂತಯ್ಯ ಕೈಮುಗಿದ. "ದಳವಾಯಿಗಳು ಹೇಳುವುದೂ ಸರಿ. ಕಡಲೆಂದರೆ ಅಂಜಿಕೆ ಇದ್ದವರ ಕಲ್ಲನ್ನು ಅರಮನೆಯ ಅಡಿಗೆಮನೆಯ ಹಿಂದೆ ಹಾಕಿಸೋಣ. ಬಟ್ಟೆ ಒಗೆಯುವುದಕ್ಕಾಗುತ್ತದೆ."

ಬಮ್ಮಣನಿಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ತನ್ನ ಕಲ್ಲೇ ಮೊದಲು ಹೋಗಲಿ ಎಂದ.

ಆಮೇಲೆ ಸಾಂತಯ್ಯ ಮಾಡಬೇಕಾದದ್ದು ಏನೂ ಉಳಿಯಲಿಲ್ಲ. ದಳವಾಯಿಯ ಕಲ್ಲು ಕಡಲಿಗಿಳಿದ ಮೇಲೆ ಸೇನಬೋವ ಸುಮ್ಮನಿರುತ್ತಾನೆಯೇ? ತನ್ನದು ಅದಕ್ಕಿಂತ ಮುಂದೆ ಇರಬೇಕು ಎಂದ. ಕೋಶಾಧಿಕಾರಿಗೆ ಅವನಿಗಿಂತ ಮುಂದೆ ಬೇಕು. ಮುಂದೆ ಹೋದಷ್ಟೂ ನೀರು ಆಳ. ಕಲ್ಲು ಮುಳುಗಿದರೆ ಹೆಸರೂ ಮುಳುಗಿತು. ಅದಕ್ಕಾಗಿ ತಮ್ಮ ತಮ್ಮ ಹೊಲಗದ್ದೆಗಳ ಬಂಡೆಗಳನ್ನೆಲ್ಲ ಗಾಡಿಯಲ್ಲಿ ಹೇರಿ ತಂದು ಕಲ್ಲಿನ ಬುಡಕ್ಕೆ ಸುರಿಸಿದರು. ಎಲ್ಲಿ ಸುರಿಯಬೇಕೆಂದು ಮೊಗವೀರರು ಕಡಲಿನ ಇಳಿತದ ಹೊತ್ತಿನಲ್ಲಿ ದೋಣಿಯಿಂದ ತೋರಿಸಿದರು. ಜಂಬದಷ್ಟು ಗಟ್ಟಿಯಾದ ಗಾರೆ ಇನ್ನೊಂದಿಲ್ಲ. ಮಳೆಗೆ ಮುಂಚೆ ಗೋಡೆ ಅಳಿವೆಗೆ ಅಡ್ಡಲಾಗಿ ತೋಳು ಚಾಚಿತು.

ಮೊದಲ ಬಿರುಗಾಳಿ ಎದ್ದ ದಿನ ಕೇತರಸ ಪರಿವಾರದೊಡನೆ ದಂಡೆಗೆ ಬಂದ. ಹೊರಗೆ ಕಡಲು ಮೊರೆಯುತ್ತಿತ್ತು. ಗೋಡೆಯ ಒಳಗೆ ದೋಣಿಗಳು ತೊಟ್ಟಿಲಂತೆ ತೂಗುತ್ತಿದ್ದವು. ಅಕ್ಕಣಿ ಇಬ್ಬರು ಮಕ್ಕಳನ್ನೂ ಎರಡು ಪಕ್ಕಕ್ಕೆ ನಿಲ್ಲಿಸಿಕೊಂಡು ತನ್ನ ದೋಣಿಯನ್ನೇ ನೋಡುತ್ತಿದ್ದಳು. ಕಣ್ಣು ಒರೆಸಿಕೊಳ್ಳುವುದನ್ನೂ ಮರೆತಿದ್ದಳು.

"ನನ್ನ ವೀರರು ಹೇಗಿದ್ದಾರೆ, ಸಾಂತಯ್ಯ?" ಎಂದ ಅರಸ.

"ಮೊದಲ ಸಲ ಯುದ್ಧ ಮಾಡುತ್ತಿದ್ದಾರೆ, ಮಹಾಸ್ವಾಮಿ."

ಅರಸನಿಗೆ ಆಗ ಎಲ್ಲವೂ ತಿಳಿಯಿತು. ದಳವಾಯಿಯ ಮೋರೆ ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಸಾಕಾದ ಮೇಲೆ, ಸಾಂತಯ್ಯನಿಗೂ ಒಂದು ದೊಡ್ಡ ವೀರಗಲ್ಲು ಹಾಕಿಸುವುದಾಗಿ ಎಲ್ಲರೆದುರು ಸಾರಿದ.

"ನನಗೆ ಬೇಡ, ಮಹಾಸ್ವಾಮಿ. ನನಗೆ ಈಜು ಬರುವುದಿಲ್ಲ," ಎಂದ ಸಾಂತಯ್ಯ. "ಆ ಕಲ್ಲನ್ನು ಅಕ್ಕಣಿಯ ಗಂಡ ಬಚ್ಚನ ಹೆಸರಿಗೆ ಈ ದಂಡೆಯ ಮೇಲೆ ಹಾಕಿಸಿ. ನಮ್ಮ ವೀರರಲ್ಲಿ ಸತ್ತವನು ಅವನೊಬ್ಬನೇ."